ನಾಲೆ ಏರಿ ಮೇಲೆ ಸೈಕಲ್: ಮಟ್ಟಸವಾದ ದಾರಿಯ ಲೆಕ್ಕಾಚಾರ

ನಮ್ಮ ಹಾಸ್ಟೆಲ್‌ನಲ್ಲಿ ಸೈಕಲ್ ಇಟ್ಕೊಂಡಿರೋರು ಭಾನುವಾರ ಬಂತು ಅಂದ್ರೆ ಎರಡೇ ಕಡೆ ಹೋಗ್ತಾರೆ. ಒಂದು ಹೈವೇ, ಇನ್ನೊಂದು ಚಾಮುಂಡಿ ಬೆಟ್ಟ. ಹೈವೇಲಿ ಲಾರಿ ಭಯ, ಬೆಟ್ಟದಲ್ಲಿ ಏದುಸಿರು. ಇವೆರಡೂ ಇಲ್ಲದ ಮೂರನೇ ದಾರಿ ನಮ್ಮ ಪಕ್ಕದಲ್ಲೇ ಇದೆ: ಶ್ರೀರಂಗಪಟ್ಟಣದಿಂದ ಬನ್ನೂರು, ಸೋಮನಾಥಪುರ, ತಿ. ನರಸೀಪುರ, ತಲಕಾಡಿನವರೆಗೆ ಹಬ್ಬಿರುವ ಕಾವೇರಿ ಬಯಲಿನ ನಾಲೆ ಏರಿಗಳು. ಮಣ್ಣು, ಮೊರಂ, ಸಣ್ಣ ಜಲ್ಲಿ ಹಾಕಿದ ದಾರಿ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಗೇರ್ ಬದಲಿಸುವ ಕೆಲಸವೇ ಬರಲ್ಲ.

ಈ ದಾರಿ ಯಾಕೆ ಇಷ್ಟು ಮಟ್ಟಸವಾಗಿದೆ, ಇಲ್ಲಿ ಯಾಕೆ ಗಾಡಿಗಳು ಕಡಿಮೆ, ಹಾಗಿದ್ದೂ ಟಾರ್ ರಸ್ತೆಗಿಂತ ಕಾಲು ಯಾಕೆ ಜಾಸ್ತಿ ನೋಯುತ್ತೆ ಅನ್ನೋ ಮೂರು ಪ್ರಶ್ನೆ ನಮ್ಮ ಗುಂಪಿಗೆ ಬಂತು. ಮೂರಕ್ಕೂ ಉತ್ತರ ನಮ್ಮ ಸಿಲಬಸ್‌ನಲ್ಲೇ ಇದೆ.

ಮೊದಲು ನಾಲೆ

ನದಿಗೆ ಅಡ್ಡವಾಗಿ ಒಂದು ಕಟ್ಟೆ ಕಟ್ಟುತ್ತಾರೆ. ಅದು ನೀರಿನ ಮಟ್ಟವನ್ನು ಸ್ವಲ್ಪ ಎತ್ತರಿಸುತ್ತೆ. ಕಟ್ಟೆ ಪಕ್ಕದಿಂದ ನಾಲೆ ಹೊರಡುತ್ತೆ. ನದಿ ತನ್ನ ಪಾಡಿಗೆ ಬೇಗ ಬೇಗ ಕೆಳಗಿಳಿಯುತ್ತೆ, ನಾಲೆ ಮಾತ್ರ ತುಂಬಾ ನಿಧಾನವಾಗಿ ಇಳಿಯುತ್ತೆ. ಹಾಗಾಗಿ ಕೆಲವು ಕಿಲೋಮೀಟರ್ ಹೋಗುವಷ್ಟರಲ್ಲಿ ನಾಲೆ ನದಿಗಿಂತ ಸಾಕಷ್ಟು ಎತ್ತರದಲ್ಲಿರುತ್ತೆ. ಇವೆರಡರ ನಡುವೆ ಇರುವ ಜಮೀನಿಗೆ ಪಂಪ್ ಇಲ್ಲದೆ, ಕರೆಂಟ್ ಇಲ್ಲದೆ ನೀರು ಹರಿಯುತ್ತೆ. ಇಷ್ಟೇ ಐಡಿಯಾ. ಇಷ್ಟರ ಮೇಲೆ ಶತಮಾನಗಳ ಕಾಲ ಊರುಗಳು ಬದುಕಿವೆ.

ನಾಲೆಗೆ ಎಷ್ಟು ಇಳಿಜಾರು ಕೊಡಬೇಕು ಅನ್ನೋದೇ ಕಷ್ಟದ ಭಾಗ. ಜಾಸ್ತಿ ಕೊಟ್ಟರೆ ನೀರು ಜೋರಾಗಿ ಹರಿದು ಮಣ್ಣು ಕೊಚ್ಚಿಕೊಂಡು ಹೋಗುತ್ತೆ, ಕಡಿಮೆ ಕೊಟ್ಟರೆ ಹೂಳು ತುಂಬುತ್ತೆ. ಮ್ಯಾನಿಂಗ್ ಸೂತ್ರ ಓದಿದವರಿಗೆ ನೆನಪಿರಬಹುದು, ವೇಗ ಇಳಿಜಾರಿನ ವರ್ಗಮೂಲದ ಜೊತೆ ಹೆಚ್ಚುತ್ತೆ. ಈ ಎರಡರ ನಡುವೆ ಸಿಗುವ ಜಾಗ ತುಂಬಾ ಕಿರಿದು. ದೊಡ್ಡ ನಾಲೆಗಳಲ್ಲಿ ಸಾಮಾನ್ಯವಾಗಿ ಕೆಲವು ಸಾವಿರ ಮೀಟರ್ ಉದ್ದಕ್ಕೆ 1 ಮೀಟರ್ ಇಳಿಕೆ ಇರುತ್ತೆ. ನೆಲ ಅದಕ್ಕಿಂತ ಬೇಗ ಇಳಿದರೆ ನಾಲೆಯನ್ನು ಅಲ್ಲೇ ಒಂದು ಮೆಟ್ಟಿಲಿನ ಹಾಗೆ ಬೀಳಿಸಿ ಮತ್ತೆ ಹಳೆಯ ಇಳಿಜಾರಿಗೆ ತರ್ತಾರೆ. ದೂರದಿಂದಲೇ ನೀರು ಬೀಳೋ ಸದ್ದು ಕೇಳಿದರೆ, ಮುಂದೆ ಒಂದು ಚಿಕ್ಕ ಇಳಿಜಾರು ಇದೆ ಅಂತ ಬ್ರೇಕ್ ಮೇಲೆ ಬೆರಳಿಟ್ಕೊಳ್ಳಿ.

ನಾಲೆ ಪಕ್ಕದ ಏರಿ ನೀರಿನ ಇಳಿಜಾರನ್ನೇ ಅನುಸರಿಸುತ್ತೆ. ಅಂದ್ರೆ ನಾವು ಸೈಕಲ್ ಹೊಡೆಯೋದು ನೀರಿಗಾಗಿ ಹಾಕಿದ ಲೆಕ್ಕದ ಮೇಲೆ. ಈ ಬಯಲಿನಲ್ಲಿ ಆ ಲೆಕ್ಕ ಬಹಳ ಹಳೆಯದು. ಚಿಕ್ಕದೇವರಾಜಸಾಗರ ನಾಲೆ, ಊರಿನವರು ಸಿಡಿಎಸ್ ನಾಲೆ ಅಂತಾರಲ್ಲ, ಅದು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದ್ದು. ತಲಕಾಡಿನ ಹತ್ತಿರದ ಮಾಧವಮಂತ್ರಿ ಕಟ್ಟೆ ಇನ್ನೂ ಹಿಂದಿನದು, ವಿಜಯನಗರದ ಕಾಲದ್ದು. ಮಂಡ್ಯದ ಕಡೆ ಹೋಗುವ ವಿಶ್ವೇಶ್ವರಯ್ಯ ನಾಲೆ ಇವುಗಳ ಮುಂದೆ ತೀರಾ ಹೊಸದು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದ ಮೇಲೆ ಬಂದದ್ದು, ಮೊದಲು ಅದರ ಹೆಸರು ಇರ್ವಿನ್ ನಾಲೆ. ಡಂಪಿ ಲೆವೆಲ್ಲೂ ಇಲ್ಲದ ಕಾಲದಲ್ಲಿ ಮೈಲಿಗಟ್ಟಲೆ ಇಷ್ಟು ಸಣ್ಣ ಇಳಿಜಾರು ಹಿಡಿದವರ ಬಗ್ಗೆ ನಮ್ಮ ಸರ್ವೆ ಲ್ಯಾಬ್‌ನಲ್ಲಿ ಯಾರೂ ಮಾತಾಡಲ್ಲ. ನಮಗೆ ಕ್ಲೋಸಿಂಗ್ ಎರರ್ ಸರಿ ಬಂದರೇ ಹಬ್ಬ.

ಗಾಡಿಗಳು ಯಾಕೆ ಕಡಿಮೆ? ನಾಲೆ ನೇರ ಹೋಗಲ್ಲ. ಒಂದೇ ಎತ್ತರ ಹಿಡಿಯೋಕೆ ಪ್ರತಿ ದಿಣ್ಣೆಯನ್ನೂ ಸುತ್ತಿ ಹೋಗಬೇಕು. ಊರಿಂದ ಊರಿಗೆ ಟಾರ್ ರಸ್ತೆಯಲ್ಲಿ 5 ಕಿಲೋಮೀಟರ್ ಆದರೆ ಏರಿ ಮೇಲೆ 8 ಆಗಬಹುದು. ಅರ್ಜೆಂಟ್ ಇರೋರು ಯಾರೂ ಈ ಕಡೆ ಬರಲ್ಲ. ಹಾಗಂತ ಪೂರ್ತಿ ಖಾಲಿ ಅಂತಲ್ಲ. ಹುಲ್ಲು ಹೊರೆ ಹೇರಿದ ಟಿವಿಎಸ್ ಎಕ್ಸೆಲ್, ಎತ್ತಿನ ಗಾಡಿ, ಬನ್ನೂರು ಕುರಿ ಮಂದೆ, ಸುಗ್ಗಿ ಕಾಲದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಇವೆಲ್ಲ ಸಿಗುತ್ತವೆ. ಕಬ್ಬಿನ ಟ್ರ್ಯಾಕ್ಟರ್ ಬಂದರೆ ಇಳಿದು ಗದ್ದೆ ಬದಿಗೆ ನಿಲ್ಲಿ, ನೀರಿನ ಬದಿಗೆ ಬೇಡ.

ಎಡಕ್ಕೊಂದು ಲೋಕ, ಬಲಕ್ಕೊಂದು ಲೋಕ

ಏರಿ ಮೇಲೆ ಹೋಗುವಾಗ ಒಂದು ವಿಷಯ ಗಮನಿಸಿ. ನಾಲೆಯ ಕೆಳಬದಿಯಲ್ಲಿ ಭತ್ತ, ಕಬ್ಬು, ತೆಂಗು, ಎಲ್ಲ ಹಸಿರು. ಮೇಲ್ಬದಿಯಲ್ಲಿ ರಾಗಿ, ಹುರುಳಿ, ಜಾಲಿ ಗಿಡ, ಕೆಂಪು ನೆಲ. ಮಧ್ಯೆ ಇರೋದು ಕೆಲವೇ ಮೀಟರ್ ಅಗಲದ ನೀರು, ಅಷ್ಟೆ. ನೀರು ಮೇಲಕ್ಕೆ ಹತ್ತಲ್ಲ ಅನ್ನೋ ಒಂದೇ ಕಾರಣಕ್ಕೆ ಒಂದೇ ಊರಿನ ಎರಡು ಮನೆಗಳ ನಸೀಬು ಬೇರೆ ಬೇರೆ. ದಾರಿ ತಪ್ಪಿದಾಗಲೂ ಇದು ಸಹಾಯಕ್ಕೆ ಬರುತ್ತೆ. ಹಸಿರು ಇರುವ ಕಡೆಗೇ ನದಿ ಇರುತ್ತೆ.

ಹಳೆಯ ದೇವಸ್ಥಾನಗಳು ಈ ಬಯಲಲ್ಲಿ ಇಷ್ಟು ದಟ್ಟವಾಗಿರೋದಕ್ಕೂ ನೀರಿಗೂ ಸಂಬಂಧ ಇದೆ ಅಂತ ನಮ್ಮ ಅನಿಸಿಕೆ. ನೀರಾವರಿ ಭತ್ತ ಅಂದ್ರೆ ಮಿಗುವ ಧಾನ್ಯ, ಮಿಗುವ ಧಾನ್ಯ ಅಂದ್ರೆ ದತ್ತಿ. ಸೋಮನಾಥಪುರದ ಕೇಶವ ದೇವಾಲಯ 1258ರದ್ದು. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಇಲ್ಲೊಂದು ಅಗ್ರಹಾರ ಮಾಡಿ ದೇವಸ್ಥಾನ ಕಟ್ಟಿಸಿದ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿತು. ಬಸ್ಸಲ್ಲಿ ಬಂದರೆ ನಿಮಗೆ ದೇವಸ್ಥಾನ ಮಾತ್ರ ಕಾಣುತ್ತೆ. ಸೈಕಲ್ಲಲ್ಲಿ ಗದ್ದೆ ಬಯಲು ದಾಟಿ ಬಂದರೆ, ಅಂಥ ಕಲ್ಲಿನ ಕೆಲಸಕ್ಕೆ ಅನ್ನ ಎಲ್ಲಿಂದ ಬಂದಿರಬಹುದು ಅನ್ನೋದೂ ಕಾಣುತ್ತೆ.

ತಲಕಾಡಿನದು ಇದಕ್ಕೆ ಉಲ್ಟಾ ಕಥೆ. ಗಂಗರ ರಾಜಧಾನಿಯಾಗಿದ್ದ ಊರು, ಈಗ ಹಳೆಯ ದೇವಸ್ಥಾನಗಳು ಮರಳಿನ ದಿಬ್ಬಗಳ ಮಧ್ಯೆ ಇವೆ. ಅಲಮೇಲಮ್ಮನ ಶಾಪದ ಕಥೆ ಎಲ್ಲರಿಗೂ ಗೊತ್ತು. ಎಂಜಿನಿಯರಿಂಗ್ ಕಡೆಯಿಂದ ಇನ್ನೊಂದು ವಾದ ಇದೆ: ಮಾಧವಮಂತ್ರಿ ಕಟ್ಟೆ ಬಂದ ಮೇಲೆ ನದಿಯ ಹರಿವು ಬದಲಾಗಿ, ತಿರುವಿನಲ್ಲಿ ಮರಳು ಬಯಲಿಗೆ ಬಿದ್ದು, ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು ಅಂತ. ಅದು ಸರಿಯಾದರೆ, ಗದ್ದೆಗೆ ನೀರು ಕೊಟ್ಟ ಕಟ್ಟೆಯೇ ಪಟ್ಟಣವನ್ನು ಹೂತಿತು. ಎನ್ವಿರಾನ್‌ಮೆಂಟ್ ಇಂಪ್ಯಾಕ್ಟ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ. ಸೈಕಲ್ ವಿಷಯಕ್ಕೆ ಬಂದರೆ, ತಲಕಾಡಿನ ಮರಳಲ್ಲಿ ತಳ್ಳಿಕೊಂಡೇ ಹೋಗಬೇಕು.

ಕಾಲು ಯಾಕೆ ನೋಯುತ್ತೆ

ಈಗ ಲೆಕ್ಕ. ಸೈಕಲ್ ಮತ್ತು ಸವಾರ ಸೇರಿ 80 ಕೆಜಿ, ವೇಗ ಗಂಟೆಗೆ 15 ಕಿಲೋಮೀಟರ್ ಅಂತಿಟ್ಕೊಳ್ಳಿ, ಅಂದ್ರೆ ಸೆಕೆಂಡಿಗೆ 4.17 ಮೀಟರ್. ಕೆಳಗಿನ ಕೋಎಫಿಶಿಯೆಂಟ್‌ಗಳು ಅಂದಾಜು. ನಿಮ್ಮ ಟೈರ್, ನಿಮ್ಮ ರಸ್ತೆಗೆ ಬದಲಾಗುತ್ತವೆ.

ಒಳ್ಳೆ ಟಾರ್ ಮೇಲೆ ರೋಲಿಂಗ್ ರೆಸಿಸ್ಟೆನ್ಸ್ ಕೋಎಫಿಶಿಯೆಂಟ್ 0.006 ಅಂದ್ರೆ ಫೋರ್ಸ್ 4.7 ನ್ಯೂಟನ್, ಪವರ್ ಸುಮಾರು 20 ವಾಟ್. ಜಲ್ಲಿ ಮಣ್ಣಿನ ಮೇಲೆ 0.015 ಅಂದ್ರೆ 11.8 ನ್ಯೂಟನ್, 49 ವಾಟ್. ನೆಟ್ಟಗೆ ಕೂತು ಹೊಡೆದರೆ ಗಾಳಿಗೆ ಎರಡೂ ಕಡೆ 24 ವಾಟ್ ಹೋಗುತ್ತೆ. ಒಟ್ಟು ಟಾರ್ ಮೇಲೆ 44, ಏರಿ ಮೇಲೆ 73.

ಇಳಿಜಾರು ಸೇರಿಸೋಣ. 4000ಕ್ಕೆ 1ರ ನಾಲೆಯಲ್ಲಿ ನೀರಿಗೆ ಎದುರಾಗಿ ಹೋದರೆ ಹೆಚ್ಚಿಗೆ ಬೇಕಾಗೋದು 0.8 ವಾಟ್. ಲೆಕ್ಕಕ್ಕೇ ಇಲ್ಲ. ಟಾರ್ ರಸ್ತೆಯಲ್ಲಿ ಬರೀ 1 ಪರ್ಸೆಂಟ್ ಏರು ಬಂದರೆ 33 ವಾಟ್ ಸೇರಿ ಒಟ್ಟು 77. ಅಂದ್ರೆ ಮಟ್ಟಸವಾದ ಜಲ್ಲಿ ದಾರಿಯಲ್ಲಿ ಹೋಗೋದು, ಟಾರ್ ಮೇಲೆ ಬಿಡದೆ 1 ಪರ್ಸೆಂಟ್ ಏರು ಹತ್ತೋದು, ಎರಡೂ ಹೆಚ್ಚುಕಡಿಮೆ ಒಂದೇ. ಕಣ್ಣಿಗೆ ಮಟ್ಟಸ, ಕಾಲಿಗೆ ಏರು. ಏರು ಆದಮೇಲೆ ಇಳಿಯೋ ಸುಖವಾದರೂ ಬೆಟ್ಟದಲ್ಲಿದೆ, ಇಲ್ಲಿ ಅದೂ ಇಲ್ಲ. ಪೆಡಲ್ ನಿಲ್ಲಿಸಿದರೆ ಸೈಕಲ್ ನಿಲ್ಲುತ್ತೆ.

ಟಾರ್ ಮೇಲಿನ ಅದೇ 44 ವಾಟ್ ಇಟ್ಕೊಂಡು ಏರಿ ಮೇಲೆ ಹೋದರೆ ವೇಗ ಗಂಟೆಗೆ 11 ಕಿಲೋಮೀಟರಿಗೆ ಇಳಿಯುತ್ತೆ. 40 ಕಿಲೋಮೀಟರಿಗೆ ಒಂದು ಗಂಟೆ ಜಾಸ್ತಿ. ಮ್ಯಾಪ್ ನೋಡಿ ಪ್ಲಾನ್ ಮಾಡೋರು ಈ ಒಂದು ಗಂಟೆಯನ್ನು ಮೊದಲೇ ಸೇರಿಸಿಕೊಳ್ಳಿ, ಬಿಸಿಲು ಏರೋ ಹೊತ್ತಿಗೆ ಸರಿಯಾಗಿ ಬಂದು ಸೇರೋದು ಅದೇ ಗಂಟೆ.

ಕಡಿಮೆ ಮಾಡೋಕೆ ಸುಲಭದ ದಾರಿ ಟೈರ್. ಗಾಳಿ ಗಟ್ಟಿ ಇದ್ದರೆ ಸೈಕಲ್ ಓಡುತ್ತೆ ಅನ್ನೋದು ನುಣ್ಣನೆಯ ರಸ್ತೆಗೆ ನಿಜ. ಜಲ್ಲಿ ಮೇಲೆ ಗಟ್ಟಿ ಟೈರ್ ಪ್ರತಿ ಕಲ್ಲಿಗೂ ಇಡೀ ಸೈಕಲ್ಲನ್ನು ಎತ್ತಿ ಹಾಕುತ್ತೆ, ಆ ಎನರ್ಜಿ ನಿಮ್ಮ ಮೈಯಲ್ಲೇ ಕರಗುತ್ತೆ. 2 ಇಂಚಿನ ಟೈರಿಗೆ 30ರಿಂದ 35 ಪಿಎಸ್ಐ ಸಾಕು, ಕಲ್ಲನ್ನು ಟೈರೇ ನುಂಗಿಕೊಳ್ಳುತ್ತೆ. ಕಿರಿದಾದ ಟೈರಲ್ಲಿ ಇಷ್ಟು ಇಳಿಸಿದರೆ ಟ್ಯೂಬ್ ರಿಮ್‌ಗೆ ಸಿಕ್ಕಿ ಪಂಕ್ಚರ್, ಅವರು ಸ್ವಲ್ಪ ಮಾತ್ರ ಇಳಿಸಿ. ಇನ್ನೊಂದು ಪಂಕ್ಚರ್ ನೆಗ್ಗಿಲು ಮುಳ್ಳಿನದು. ಏರಿ ಬದಿಯ ಒಣ ಹುಲ್ಲಿನಲ್ಲಿ ಸೈಕಲ್ ಮಲಗಿಸಬೇಡಿ. ಎಕ್ಸ್‌ಟ್ರಾ ಟ್ಯೂಬ್, ಪಂಪ್ ಇಲ್ಲದೆ ಹೊರಡಲೇಬೇಡಿ, ಏರಿ ಮೇಲೆ ಪಂಕ್ಚರ್ ಅಂಗಡಿ ಇರಲ್ಲ.

ನೀರಿನ ಪಕ್ಕ

ಇದನ್ನು ಓದದೆ ಹೋಗಬೇಡಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ವಿಶ್ವೇಶ್ವರಯ್ಯ ನಾಲೆಗೆ ಬಸ್ ಬಿದ್ದು 30 ಜನ ಸತ್ತರು. ನಾಲೆ ನೋಡೋಕೆ ಶಾಂತ, ಅಗಲವೂ ಕಡಿಮೆ. ಬಿದ್ದ ಮೇಲೆ ಹತ್ತೋದು ಕಷ್ಟ. ಕಾಂಕ್ರೀಟ್ ಲೈನಿಂಗ್ ಮಾಡಿದ ಕಡೆ ಇಳಿಜಾರಿನ ಗೋಡೆ ನುಣುಪು, ಮೇಲೆ ಪಾಚಿ, ಕೈಗೆ ಹಿಡಿಯೋಕೆ ಏನೂ ಸಿಗಲ್ಲ. ಈಜು ಬರುತ್ತೆ ಅನ್ನೋ ಧೈರ್ಯ ಇಲ್ಲಿ ಕೆಲಸಕ್ಕೆ ಬರಲ್ಲ. ಲೈನಿಂಗ್ ಮಾಡಿದ ಕಡೆ ನೀರು ಬೇಗನೂ ಹರಿಯುತ್ತೆ.

ಅದಕ್ಕೆ ನಮ್ಮ ಗುಂಪಿನಲ್ಲಿ ಕೆಲವು ನಿಯಮ ಇವೆ. ಒಬ್ಬರ ಹಿಂದೆ ಒಬ್ಬರು, ಜೊತೆ ಜೊತೆಗೆ ಇಬ್ಬರು ಹೋಗೋ ಹಾಗಿಲ್ಲ. ಚಕ್ರ ಯಾವಾಗಲೂ ಗದ್ದೆ ಕಡೆಯ ಜಾಡಿನಲ್ಲಿ. ಜಾರಿದರೂ ಕೆಸರಿಗೆ ಬೀಳಬೇಕು. ಸಡಿಲ ಜಲ್ಲಿಯಲ್ಲಿ ಮುಂದಿನ ಬ್ರೇಕ್ ಒಮ್ಮೆಲೇ ಹಿಡಿಯಬಾರದು. ಕತ್ತಲಲ್ಲಿ ಇಲ್ಲ, ಮಳೆ ಬಂದ ಮಾರನೇ ದಿನ ಇಲ್ಲ. ಮಳೆ ನಿಯಮ ನಮಗಾಗಿ ಮಾತ್ರ ಅಲ್ಲ: ಹಸಿ ಏರಿಯಲ್ಲಿ ಚಕ್ರದ ಜಾಡು ಬಿದ್ದರೆ ಅದರಲ್ಲಿ ನೀರು ನಿಂತು ಏರಿ ಕೊರೆಯುತ್ತೆ. ಏರಿ ಒಡೆದರೆ ಹಾಳಾಗೋದು ಬೇರೆಯವರ ಗದ್ದೆ.

ಈ ದಾರಿಗಳಿಗೆ ಅಲ್ಲಲ್ಲಿ ಟಾರ್ ಬೀಳ್ತಾ ಇದೆ. ನಮ್ಮಲ್ಲಿ ಕೆಲವರಿಗೆ ಬೇಜಾರು. ಆದರೆ ಕಬ್ಬು ಸಾಗಿಸೋರಿಗೆ, ರಾತ್ರಿ ಹೆರಿಗೆ ನೋವು ಬಂದವರಿಗೆ ಮೊರಂ ದಾರಿಯೇ ಇರಲಿ ಅನ್ನೋಕೆ ನಾವು ಯಾರು? ನಮಗೆ ಇದು ಭಾನುವಾರದ ದಾರಿ, ಅವರಿಗೆ ವಾರದ ಏಳೂ ದಿನದ್ದು. ಟಾರ್ ಬಂದ ಮೇಲೆ ನೀರಿನ ಬದಿಗೆ ತಡೆಗೋಡೆಯೂ ಬರಲಿ ಅಂತ ಮಾತ್ರ ಕೇಳಬಹುದು, ಯಾಕಂದ್ರೆ ವೇಗ ಟಾರ್ ಜೊತೆಗೇ ಬರುತ್ತೆ.

ಯಾವಾಗ ಹೋಗಬೇಕು? ಭತ್ತದ ಕುಯ್ಲಾದ ಮೇಲೆ ಚೆನ್ನ. ಬೆಳಿಗ್ಗೆ ಆರಕ್ಕೆ ಹೊರಟರೆ ಆಲೆಮನೆ ಹೊಗೆ, ಬಿಸಿ ಬೆಲ್ಲದ ವಾಸನೆ ದಾರಿಯುದ್ದಕ್ಕೂ ಸಿಗುತ್ತೆ. ನಾಲೆಗಳಿಗೆ ಕೆಲವೊಮ್ಮೆ ಕಟ್ಟು ಪದ್ಧತಿಯಲ್ಲಿ ನೀರು ಬಿಡ್ತಾರೆ, ಕೆಲವು ದಿನ ನೀರು, ಕೆಲವು ದಿನ ಬಂದ್. ಇಂದು ಒಣಗಿದ್ದ ನಾಲೆ ನಾಳೆ ತುಂಬಿರುತ್ತೆ, ಅದಕ್ಕೆ ಖಾಲಿ ನಾಲೆ ಒಳಗೆ ಇಳಿದು ಫೋಟೋ ತೆಗೆಯೋದು ಬೇಡ. ಗೂಗಲ್ ಮ್ಯಾಪ್‌ಗೆ ಇದ್ಯಾವುದೂ ಗೊತ್ತಿರಲ್ಲ. ಊರಿನ ನೀರುಗಂಟಿಗೆ ಗೊತ್ತಿರುತ್ತೆ. ಹೋದ ತಿಂಗಳು ತೂಬಿನ ಹತ್ತಿರ ಕೂತಿದ್ದ ಒಬ್ಬ ತಾತ ನಮ್ಮ ಐದು ಸೈಕಲ್ ನೋಡಿ ಕೈ ಅಡ್ಡ ಹಿಡಿದರು. "ಎಲ್ಗಪ್ಪಾ ಹೊಂಟ್ರಿ? ಈ ಕಡೆ ಏರಿ ಕೊರ್ದದೆ. ಸೇತುವೆ ದಾಟ್ಕೊಂಡು ಆ ಕಡೇಲಿ ಹೋಗಿ. ಮದ್ಯಾನಕ್ಕೆ ನೀರ್ ಬುಡ್ತಾರೆ, ಅಷ್ಟೊತ್ಗೆ ಊರು ಸೇರ್ಕಳಿ." ನಾವು ಸೇತುವೆ ದಾಟಿ ಆ ಕಡೆ ಏರಿ ಹಿಡಿದೆವು.