ಒಗ್ಗರಣೆಗೆ ಮುಂಚೆ ಮರಿಯ ಪಾಲು ತೆಗೆದಿಡಿ

ನಾಯಿಮರಿಯ ಊಟದ ಬಗ್ಗೆ ನೀವು ಜೇವರ್ಗಿಯಿಂದ ಬರೆದಿದ್ದೀರಿ. ಆಳಂದ, ಅಫಜಲಪುರದ ಮನೆಗಳಲ್ಲೂ ನಾಯಿಗೆ ಸಾಮಾನ್ಯವಾಗಿ ಹಾಕುವುದು ಇದನ್ನೇ: ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ, ಉಳಿದ ಬ್ಯಾಳಿ. ರೊಟ್ಟಿ ತಪ್ಪಲ್ಲ; ಆದರೆ ಅದೊಂದರಿಂದಲೇ ನಾಲ್ಕು ತಿಂಗಳ ಮರಿ ಬೆಳೆಯದು. ಬೇಯಿಸಿದ ತತ್ತಿ ಅಥವಾ ಎಲುಬು ತೆಗೆದ ಕೋಳಿಮಾಂಸ ಬೆರೆಸಿ, ದಿನಕ್ಕೆ ಮೂರು ಹೊತ್ತು ಕೊಡಿ. ಹಾಲಿನಿಂದ ಭೇದಿಯಾಗುತ್ತಿದ್ದರೆ ಹಾಲು ನಿಲ್ಲಿಸಿ.

ನನಗೆ ನಿಜವಾದ ಆತಂಕ ಆ ಬ್ಯಾಳಿಯ ಒಗ್ಗರಣೆಯದು. ಬ್ಯಾಳಿ ಮರಿಗೂ ಒಳ್ಳೆಯದೇ. ಆದರೆ ಒಗ್ಗರಣೆಯ ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಹುರಿದರೂ ಆ ವಿಷ ಹೋಗದು. ತೊಂದರೆ ಕಾಣಲು ಕೆಲವು ದಿನ ಹಿಡಿಯಬಹುದು: ವಸಡು ಬಿಳಿಚುತ್ತದೆ, ಮರಿ ಸುಸ್ತಾಗಿ ಮಲಗುತ್ತದೆ, ಮೂತ್ರ ಕೆಂಪಾಗುತ್ತದೆ. ಹಾಗೆ ಕಂಡರೆ ಕಾಯಬೇಡಿ, ಪಶು ಆಸ್ಪತ್ರೆಗೆ ಒಯ್ಯಿರಿ. ಬ್ಯಾಳಿ ಬೆಂದ ಕೂಡಲೇ, ಉಪ್ಪು ಖಾರ ಬೀಳುವ ಮುಂಚೆ, ಮರಿಯ ಪಾಲು ಬಟ್ಟಲಿಗೆ ತೆಗೆದಿಡಿ.

ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು, ಬೂಸ್ಟು ಹಿಡಿದ ಶೇಂಗಾ ಬೇಡವೇ ಬೇಡ. ಬೇಯಿಸಿದ ಎಲುಬು ಚೂಪಾಗಿ ಸೀಳಿ ಕರುಳು ಚುಚ್ಚಬಹುದು. ಮನೆಯೂಟದಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಸಾಲದು. ಎಷ್ಟು ಸೇರಿಸಬೇಕೆಂದು ಪಶುವೈದ್ಯರು ತೂಕ ನೋಡಿ ಹೇಳಲಿ. ಪ್ಯಾಕೆಟ್ ಆಹಾರ ತಂದರೆ ಮರಿಗಳದ್ದನ್ನೇ ತನ್ನಿ, ಒಂದು ವಾರ ಸ್ವಲ್ಪಸ್ವಲ್ಪ ಬೆರೆಸುತ್ತ ರೂಢಿ ಮಾಡಿಸಿ.