ಹೊಲದ ಹಾದಿಗೆ ಹೊರೆ ಕಟ್ಟುವ ವಿಜ್ಞಾನ

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿಗೆ ಸೇರಿದ ಕಾಗಿನೆಲೆಯು ಕನಕದಾಸರ ಹೆಸರಿನೊಡನೆ ನಾಡಿಗೆಲ್ಲ ಪರಿಚಿತವಾದ ಊರು. ಇಲ್ಲಿ ಡಾಂಬರು ರಸ್ತೆಯನ್ನು ಬಿಟ್ಟು ಹೊಲಗಳ ಕಡೆಗೆ ತಿರುಗಿದೊಡನೆ ಪ್ರಯಾಣದ ಸ್ವರೂಪವೇ ಬದಲಾಗುತ್ತದೆ. ಹಾವೇರಿ, ರಾಣಿಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಕೆಂಪು ಮಸಾರಿಯೂ ಕಪ್ಪು ಎರೆಯೂ ಅಕ್ಕಪಕ್ಕದಲ್ಲಿಯೇ ಇವೆ. ಬದು, ಹಳ್ಳ, ಕೆರೆಯ ಏರಿ, ಜಾಲಿಯ ಪೊದೆಗಳ ನಡುವೆ ಹಾಯುವ ಈ ಹಾದಿಗಳಲ್ಲಿ ಬಹುಕಾಲದಿಂದ ಓಡಾಡಿದ ವಾಹನವೆಂದರೆ ಎತ್ತಿನ ಚಕ್ಕಡಿ. ಇಂತಹ ನೆಲಕ್ಕಾಗಿಯೇ ಯಂತ್ರಯುಗವು ನಿರ್ಮಿಸಿಕೊಂಡ ವಾಹನವೊಂದುಂಟು. ಅದೇ ನಾಲ್ಕು ಚಕ್ರದ ಕ್ವಾಡ್ ಬೈಕು. ಅದರಲ್ಲಿ ಹೊರಡುವವರು ಯಾವ ಸಾಮಾನುಗಳನ್ನು ಒಯ್ಯಬೇಕು, ಅವುಗಳನ್ನು ಎಲ್ಲಿ ಇಡಬೇಕು, ಮತ್ತು ಏಕೆ, ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ವಾಹನದ ಪರಿಚಯ

1970ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯು ಉಬ್ಬಿದ ಟೈರುಗಳುಳ್ಳ ಮೂರು ಚಕ್ರದ ವಾಹನವನ್ನು ಅಮೆರಿಕದಲ್ಲಿ ಮಾರಾಟಕ್ಕೆ ತಂದಿತು. 1982ರಲ್ಲಿ ಸುಜುಕಿ ಸಂಸ್ಥೆಯು ನಾಲ್ಕು ಚಕ್ರದ ವಾಹನವನ್ನು ಹೊರತಂದಿತು. ಮೂರು ಚಕ್ರದವು ಸುಲಭವಾಗಿ ಮಗುಚುತ್ತಿದ್ದುದರಿಂದ 1988ರಲ್ಲಿ ಅಮೆರಿಕದಲ್ಲಿ ಅವುಗಳ ಮಾರಾಟವು ನಿಂತಿತು. ನಾಲ್ಕು ಚಕ್ರದವು ಉಳಿದು ಬೆಳೆದವು. ನಮ್ಮ ನಾಡಿನ ಕೊಡಗು, ಚಿಕ್ಕಮಗಳೂರುಗಳ ವಿಹಾರಧಾಮಗಳಲ್ಲಿ ಇವು ಇಂದು ಕಾಣಸಿಗುತ್ತವೆ.

ಈ ವಾಹನದ ಗುಟ್ಟು ಅದರ ಟೈರಿನಲ್ಲಿದೆ. ಕಾರಿನ ಟೈರಿನಲ್ಲಿ ಸುಮಾರು 30 ಪೌಂಡು ಒತ್ತಡದ ಗಾಳಿಯಿದ್ದರೆ ಇದರ ಟೈರಿನಲ್ಲಿ ಇರುವುದು ಸುಮಾರು 5 ಪೌಂಡು ಮಾತ್ರ. ಟೈರು ನೆಲವನ್ನು ಒತ್ತುವ ಒತ್ತಡವು ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡಕ್ಕೆ ಸಮ. ಸವಾರನೂ ಸೇರಿ ವಾಹನದ ತೂಕ 380 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. 5 ಪೌಂಡು ಒತ್ತಡವೆಂದರೆ ಚದರ ಸೆಂಟಿಮೀಟರಿಗೆ ಸುಮಾರು 0.35 ಕಿಲೋಗ್ರಾಂ. ಆದ್ದರಿಂದ ನಾಲ್ಕು ಚಕ್ರಗಳು ಕೂಡಿ ಸುಮಾರು 1,100 ಚದರ ಸೆಂಟಿಮೀಟರ್ ನೆಲವನ್ನು ಮುಟ್ಟುತ್ತವೆ. ಅದೇ ತೂಕವು ಕಾರಿನ ಟೈರುಗಳ ಮೇಲೆ ನಿಂತಿದ್ದರೆ ಇದರ ಆರನೆಯ ಒಂದು ಪಾಲನ್ನು ಮಾತ್ರ ಮುಟ್ಟುತ್ತಿತ್ತು. ಮೆತ್ತನೆಯ ನೆಲದಲ್ಲಿ ಚಕ್ರವು ಹೂಳದಿರುವುದಕ್ಕೆ ಇದೇ ಕಾರಣ.

ಆದರೆ ಈ ವಾಹನವು ಎತ್ತರವಾಗಿಯೂ ಗಿಡ್ಡವಾಗಿಯೂ ಇರುವುದರಿಂದ ಮಗುಚುವ ಅಪಾಯವು ತಪ್ಪಿದ್ದಲ್ಲ. ಮಗುಚಿದಾಗ ಸುಮಾರು 300 ಕಿಲೋಗ್ರಾಂ ತೂಕದ ಯಂತ್ರವು ಸವಾರನ ಎದೆಯ ಮೇಲೆ ಬಿದ್ದು, ಎಲುಬು ಮುರಿಯದಿದ್ದರೂ ಉಸಿರು ಕಟ್ಟಿ ಪ್ರಾಣ ಹೋದ ಪ್ರಸಂಗಗಳುಂಟು. ಹೊಲಗದ್ದೆಗಳಲ್ಲಿ ಇಂತಹ ಸಾವುಗಳು ಹೆಚ್ಚಿದುದನ್ನು ಕಂಡ ಆಸ್ಟ್ರೇಲಿಯಾ ಸರ್ಕಾರವು, 2021ರ ಅಕ್ಟೋಬರಿನಿಂದ, ಬೇಸಾಯದ ಕೆಲಸಕ್ಕೆ ಮಾರುವ ಹೊಸ ಕ್ವಾಡ್ ಬೈಕುಗಳಿಗೆ ಸವಾರನನ್ನು ಕಾಯುವ ಕಂಬಿಯ ಚೌಕಟ್ಟನ್ನು ಕಡ್ಡಾಯಮಾಡಿತು.

ಚಕ್ಕಡಿ ಕಲಿಸುವ ಪಾಠ

ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯ ಚೀಲಗಳನ್ನು ಚಕ್ಕಡಿಗೆ ಹೇರುವ ರೈತನಿಗೆ ಒಂದು ಸೂಕ್ಷ್ಮ ತಿಳಿದಿರುತ್ತದೆ. ಚೀಲಗಳೆಲ್ಲ ಅಚ್ಚಿನ ಹಿಂದೆ ಸೇರಿದರೆ ಮೂಕಿಯು ಮೇಲಕ್ಕೆದ್ದು ನೊಗವು ಎತ್ತುಗಳ ಕೊರಳನ್ನು ಎತ್ತುತ್ತದೆ. ಮುಂದೆಯೇ ಸೇರಿದರೆ ಭಾರವೆಲ್ಲ ಹೆಗಲಿನ ಮೇಲೆ ಬೀಳುತ್ತದೆ. ಅಚ್ಚಿನ ಎರಡೂ ಕಡೆಗೆ ಹೊಂದಿಸಿ ಹೇರಿದಾಗ ಮಾತ್ರ ಚಕ್ಕಡಿ ಸುಖವಾಗಿ ಸಾಗುತ್ತದೆ. ಒಣಮೆಣಸಿನಕಾಯಿಯು ಹಗುರವಾದುದರಿಂದ ಹೇರು ಎತ್ತರವಾಗುತ್ತದೆ. ಎತ್ತರದ ಹೇರು ಬದುವಿನ ಮೇಲೆ ವಾಲುವುದೂ ಬೇಗ. ಮುಂಭಾರ ಹಿಂಭಾರಗಳ ಈ ತಿಳಿವನ್ನೇ ಭೌತಶಾಸ್ತ್ರವು ‘ಗುರುತ್ವಕೇಂದ್ರ’ದ ನಿಯಮವೆಂದು ಹೇಳುತ್ತದೆ. ಗುರುತ್ವಕೇಂದ್ರದಿಂದ ನೇರವಾಗಿ ಕೆಳಕ್ಕೆಳೆದ ಗೆರೆಯು ಚಕ್ರಗಳ ನಡುವಣ ನೆಲದೊಳಗೆ ಬೀಳುವ ತನಕ ವಾಹನವು ನಿಲ್ಲುತ್ತದೆ. ಹೊರಗೆ ಬಿದ್ದೊಡನೆ ಮಗುಚುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಸವಾರನೊಡನೆ 380 ಕಿಲೋಗ್ರಾಂ ತೂಗುವ ನಮ್ಮ ವಾಹನದ ಮುಂದಿನ ಹಿಂದಿನ ಅಚ್ಚುಗಳ ಅಂತರ 120 ಸೆಂಟಿಮೀಟರ್ ಆಗಿರಲಿ. ಗುರುತ್ವಕೇಂದ್ರವು ಹಿಂದಿನ ಅಚ್ಚಿನಿಂದ 52 ಸೆಂಟಿಮೀಟರ್ ಮುಂದೆ, ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿರಲಿ. ಏರಿಯನ್ನು ಹತ್ತುವಾಗ ಇದು ಹಿಂದಕ್ಕೆ ಮಗುಚುವ ಕೋನದ ಸ್ಪರ್ಶಕವು 52ನ್ನು 60ರಿಂದ ಭಾಗಿಸಿದಷ್ಟು. ಅಂದರೆ ಕೋನವು ಸುಮಾರು 41 ಅಂಶ.

ಈಗ 40 ಕಿಲೋಗ್ರಾಂ ಸಾಮಾನನ್ನೆಲ್ಲ ಹಿಂದಿನ ಕಂಬಿಯ ಮೇಲೆ, ಹಿಂದಿನ ಅಚ್ಚಿಗಿಂತ 30 ಸೆಂಟಿಮೀಟರ್ ಹಿಂದಕ್ಕೆ, 100 ಸೆಂಟಿಮೀಟರ್ ಎತ್ತರದಲ್ಲಿ ಪೇರಿಸಿದೆವೆನ್ನಿ. ಗುರುತ್ವಕೇಂದ್ರವು ಹಿಂದಕ್ಕೂ ಮೇಲಕ್ಕೂ ಸರಿದು ಆ ಕೋನವು 35 ಅಂಶಕ್ಕೆ ಇಳಿಯುತ್ತದೆ. ಅದೇ ಸಾಮಾನನ್ನು ಎರಡು ಪಾಲುಮಾಡಿ, 20 ಕಿಲೋಗ್ರಾಂ ಮುಂದಿನ ಅಚ್ಚಿನ ಮೇಲೂ 20 ಕಿಲೋಗ್ರಾಂ ಹಿಂದಿನ ಕಂಬಿಯ ಮೇಲೂ, 80 ಸೆಂಟಿಮೀಟರ್ ಎತ್ತರದಲ್ಲಿ ಒತ್ತಾಗಿ ಕಟ್ಟಿದರೆ ಕೋನವು ಸುಮಾರು 40 ಅಂಶದಲ್ಲಿಯೇ ಉಳಿಯುತ್ತದೆ. ತೂಕವು ಅಷ್ಟೇ, ಇಟ್ಟ ಜಾಗವು ಮಾತ್ರ ಬೇರೆ. ಇದು ನಿಶ್ಚಲವಾದ ವಾಹನದ ಲೆಕ್ಕವೆಂಬುದನ್ನು ಮರೆಯಬಾರದು. ಕಲ್ಲು ತಾಗಿದ ಪೆಟ್ಟಿಗೆ, ಇಂಜಿನ್ನಿನ ಎಳೆತಕ್ಕೆ, ಓಡುವ ವಾಹನವು ಇದಕ್ಕಿಂತ ಎಷ್ಟೋ ಮುಂಚೆ ಮಗುಚೀತು. ತಯಾರಕರು ಗೊತ್ತುಪಡಿಸಿದ ಹೊರೆಯ ಮಿತಿಯನ್ನಂತೂ ಮೀರಲೇಬಾರದು. ಒಬ್ಬರಿಗಾಗಿ ಮಾಡಿದ ಆಸನದಲ್ಲಿ ಇಬ್ಬರು ಕುಳಿತರೆ ಆ ಎರಡನೆಯವರೇ ಅತಿ ಎತ್ತರದ, ಅತಿ ಹಿಂದಿನ ಹೊರೆಯಾಗುತ್ತಾರೆ.

ನೀರು ಮತ್ತು ಪೆಟ್ರೋಲು

ಬಿಸಿಲಿನಲ್ಲಿ ಮೈಮುರಿದು ದುಡಿಯುವಾಗ ದೇಹವು ಗಂಟೆಗೆ ಒಂದು ಲೀಟರಿನವರೆಗೆ ಬೆವರನ್ನು ಹೊರಹಾಕಬಲ್ಲದು. ಅರ್ಧ ದಿನದ ಪ್ರಯಾಣಕ್ಕೆ ನಾಲ್ಕು ಲೀಟರಾದರೂ ನೀರು ಬೇಕು. ಅದನ್ನು ಒಂದೇ ಕ್ಯಾನಿನಲ್ಲಿ ಒಯ್ಯುವುದಕ್ಕಿಂತ ಒಂದೊಂದು ಲೀಟರಿನ ನಾಲ್ಕು ಬಾಟಲಿಗಳಲ್ಲಿ ಒಯ್ಯುವುದು ಲೇಸು. ಅರ್ಧ ಬರಿದಾದ ದೊಡ್ಡ ಕ್ಯಾನಿನ ನೀರು ಇಳಿಜಾರಿನಲ್ಲಿ ತಗ್ಗಿನ ಕಡೆಗೇ ನುಗ್ಗಿ ವಾಲಿಕೆಯನ್ನು ಹೆಚ್ಚಿಸುತ್ತದೆ. ತುಂಬಿದ ಬಾಟಲಿಯ ನೀರಿಗೆ ಅಲುಗಾಡಲು ಎಡೆಯಿಲ್ಲ. ಒಂದು ಒಡೆದರೆ ಮೂರು ಉಳಿಯುತ್ತವೆ. ಮೇಲಾಗಿ ಓ.ಆರ್.ಎಸ್. ಪುಡಿಯ 20.5 ಗ್ರಾಂ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೆ ಬೆರೆಸಬೇಕಾದುದರಿಂದ, ಬಾಟಲಿಯೇ ಅಳತೆಯ ಪಾತ್ರೆಯೂ ಆಗುತ್ತದೆ.

ಪೆಟ್ರೋಲನ್ನು ಕೈಯಲ್ಲಿ ಒಯ್ಯದೆ ಟ್ಯಾಂಕನ್ನೇ ತುಂಬಿಸಿ, ಅರ್ಧ ತೀರುವ ಮುನ್ನ ಹಿಂದಿರುಗುವುದೇ ಮೇಲು. ಒಯ್ಯಲೇಬೇಕಾದ ಸಂದರ್ಭದಲ್ಲಿ ಅದಕ್ಕೆಂದೇ ಮಾಡಿದ ಡಬ್ಬಿಯು ಬೇಕು; ಅದನ್ನು ಕಂಠಮಟ್ಟ ತುಂಬಬಾರದು. 10 ಲೀಟರ್ ಪೆಟ್ರೋಲು 20 ಅಂಶ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 190 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಕಾದ ಸೈಲೆನ್ಸರಿನಿಂದ ಡಬ್ಬಿಯು ದೂರವಿರಬೇಕು.

ಎರೆಯ ಕೆಸರು, ಜಾಲಿಯ ಮುಳ್ಳು

ಎರೆಮಣ್ಣಿನಲ್ಲಿರುವ ಜೇಡಿಯ ಕಣಗಳು ಪದರ ಪದರವಾಗಿವೆ. ಮಳೆ ಬಿದ್ದಾಗ ಪದರಗಳ ನಡುವೆ ನೀರು ನುಸುಳಿ ಮಣ್ಣು ಉಬ್ಬುತ್ತದೆ; ಬೇಸಿಗೆಯಲ್ಲಿ ನೀರು ಆರಿ ಬಿರುಕು ಬಿಡುತ್ತದೆ. ಹಸಿಯಾದ ಎರೆಯು ಮೇಲೆ ಜಾರುತ್ತದೆ, ಚಕ್ರಕ್ಕೆ ಅಂಟುತ್ತದೆ, ಟೈರಿನ ಗಾಡಿಗಳನ್ನೆಲ್ಲ ಮುಚ್ಚಿ ಹಿಡಿತವನ್ನು ಕಳೆಯುತ್ತದೆ. ಆಗ ಇಂಜಿನ್ನನ್ನು ಗರ್ಜಿಸಿದಷ್ಟೂ ಚಕ್ರವು ಹೂಳುತ್ತಲೇ ಹೋಗುತ್ತದೆ. ಗಿಡ್ಡ ಹಿಡಿಯ ಸಲಿಕೆಯೊಂದು, ಎರಡು ಗೋಣಿಚೀಲ, ಗಟ್ಟಿಯಾದ ಹಗ್ಗ, ಇವು ಇಲ್ಲಿ ಉಪಯುಕ್ತ ಸಲಕರಣೆಗಳು. ಚಕ್ರದ ಮುಂದಿನ ಮಣ್ಣನ್ನು ತೆಗೆದು ಗೋಣಿಯನ್ನು ಹಾಸಿದರೆ ಘರ್ಷಣೆಯು ಮರಳಿ ದೊರೆಯುತ್ತದೆ. ಹಗ್ಗದಿಂದ ಎಳೆಸುವಾಗ ಅದರ ನಡುವೆ ಒದ್ದೆ ಗೋಣಿಯನ್ನು ಹಾಕಬೇಕು. ಬಿಗಿದ ಹಗ್ಗವು ಹರಿದರೆ ಅದರಲ್ಲಿ ಅಡಗಿದ್ದ ಶಕ್ತಿಯೆಲ್ಲ ಚಾಟಿಯ ಏಟಾಗಿ ಬರುತ್ತದೆ.

ಬಳ್ಳಾರಿ ಜಾಲಿಯ ಮುಳ್ಳು ಟೈರನ್ನು ಚುಚ್ಚುವುದು ಸಾಮಾನ್ಯ. ಪಂಕ್ಚರ್ ಮುಚ್ಚುವ ರಬ್ಬರಿನ ಎಳೆಗಳು, ಅವನ್ನು ತೂರಿಸುವ ದಬ್ಬಳ, ಕೈಪಂಪು, ಇವುಗಳ ಜೊತೆಗೆ 10 ಪೌಂಡಿಗಿಂತ ಕಡಮೆಯನ್ನು ಸ್ಪಷ್ಟವಾಗಿ ತೋರಿಸುವ ಒತ್ತಡಮಾಪಕವೂ ಇರಬೇಕು. ಕಾರಿನ ಮಾಪಕವು 5 ಪೌಂಡನ್ನು ನೆಚ್ಚುವಂತೆ ಅಳೆಯಲಾರದು.

ಪ್ರಾಣ ಕಾಯುವ ವಸ್ತು ಮೈಮೇಲಿರಲಿ

ಇಲ್ಲಿಯವರೆಗೆ ಹೇಳಿದ ಸಾಮಾನೆಲ್ಲ ವಾಹನವನ್ನು ನಡೆಸಲು ಬೇಕಾದವು. ಆದರೆ ವಾಹನವು ಮಗುಚಿ ಹಳ್ಳದಲ್ಲಿದ್ದು, ಸವಾರನು ಕಾಲು ಮುರಿದುಕೊಂಡು ಹತ್ತು ಮಾರು ಆಚೆ ಬಿದ್ದಿದ್ದರೆ, ಪೆಟ್ಟಿಗೆಯೊಳಗಿನ ಔಷಧದಿಂದ ಏನು ಪ್ರಯೋಜನ? ಆದುದರಿಂದ ಯಂತ್ರವನ್ನು ಉಳಿಸುವ ವಸ್ತುಗಳು ಯಂತ್ರದ ಮೇಲಿರಬೇಕು, ಪ್ರಾಣವನ್ನು ಉಳಿಸುವ ವಸ್ತುಗಳು ಮೈಮೇಲಿರಬೇಕು. ಮೊದಲನೆಯದು ತಲೆಯ ಹೆಲ್ಮೆಟ್ಟು. ಸೊಂಟದ ಚಿಕ್ಕ ಚೀಲದಲ್ಲಿ ಚಾರ್ಜು ತುಂಬಿದ ಮೊಬೈಲು, ಸೀಟಿ, ಪುಟ್ಟ ಟಾರ್ಚು, ಅಗಲವಾದ ಬಟ್ಟೆಯ ಪಟ್ಟಿ, ತಮಗೆ ಬೇಕಾದ ಮಾತ್ರೆ, ಅರ್ಧ ಲೀಟರ್ ನೀರು ಇಷ್ಟಿದ್ದರೆ ಸಾಕು. ಬೆನ್ನಿಗೆ ಭಾರವಾದ ಚೀಲವನ್ನು ಹೊತ್ತರೆ ಗುರುತ್ವಕೇಂದ್ರವು ಮತ್ತೆ ಮೇಲೇರುತ್ತದೆ. ಕೂಗುವ ಗಂಟಲು ಬೇಗ ಸೋಲುತ್ತದೆ. ಸೀಟಿಗೆ ಕೊಂಚ ಉಸಿರು ಸಾಕು, ಅದರ ದನಿಯು ದೂರ ಹೋಗುತ್ತದೆ. ಮೂರು ಬಾರಿ ಊದಿ, ನಿಲ್ಲಿಸಿ, ಮತ್ತೆ ಮೂರು ಬಾರಿ ಊದಬೇಕು.

ರಕ್ತ ಸುರಿಯುವ ಗಾಯವನ್ನು ಬಟ್ಟೆಯಿಂದ ಬಲವಾಗಿ ಒತ್ತಿಹಿಡಿಯಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಸಲ್ಲದು. ಕಚ್ಚಿದ ಅಂಗವು ಅಲುಗದಂತೆ ಕೋಲಿನ ಆಸರೆ ಕೊಟ್ಟು, ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಬೇಗನೆ ಸಾಗಿಸಬೇಕು. ಆಂಬ್ಯುಲೆನ್ಸಿಗೆ 108, ಇತರ ತುರ್ತಿಗೆ 112.

ಎಲ್ಲಕ್ಕಿಂತ ಹಗುರವಾದ, ಆದರೆ ಅನೇಕರು ಮರೆಯುವ ಸಿದ್ಧತೆಯೊಂದಿದೆ: ಯಾವ ಹಾದಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಬರುವೆವೆಂದು ಮನೆಯಲ್ಲಿ ಬರೆದಿಟ್ಟು ಹೋಗುವುದು. ಬಿದ್ದಲ್ಲಿಂದ ಮೊಬೈಲಿಗೆ ಸಂಕೇತ ಸಿಕ್ಕದಿದ್ದರೂ ಆ ಚೀಟಿಯು ಹುಡುಕುವವರನ್ನು ದಾರಿಗೆ ಹಚ್ಚುತ್ತದೆ.

ಹೊರಡುವ ಮುನ್ನ ಹೋಗಬಹುದಾದ ನೆಲ ಯಾವುದೆಂಬುದನ್ನೂ ತಿಳಿಯಬೇಕು. ಸಾಮಾನ್ಯ ಕ್ವಾಡ್ ಬೈಕಿಗೆ ನಮ್ಮಲ್ಲಿ ಸಾರ್ವಜನಿಕ ರಸ್ತೆಯ ನೋಂದಣಿ ದೊರೆಯುವುದಿಲ್ಲ. ಖಾಸಗಿ ನೆಲದಲ್ಲಿ ಒಡೆಯರ ಒಪ್ಪಿಗೆಯಿಂದ ಮಾತ್ರ ಅದನ್ನು ಓಡಿಸಬಹುದು. ರಾಣಿಬೆನ್ನೂರಿನಲ್ಲಿ 1974ರಲ್ಲಿ ಸ್ಥಾಪಿತವಾದ ಕೃಷ್ಣಮೃಗಗಳ ಅಭಯಾರಣ್ಯವು ಸವಾರಿಯ ಬಯಲಲ್ಲ. ಹದಿನಾರು ತುಂಬದವರು ದೊಡ್ಡವರ ವಾಹನವನ್ನು ಏರಲೇಬಾರದು.

ಒಂದು ಪ್ರಯೋಗ

ವಾಹನವಿಲ್ಲದ ವಿದ್ಯಾರ್ಥಿಗಳೂ ಈ ನಿಯಮವನ್ನು ಪರೀಕ್ಷಿಸಬಹುದು. ಒಂದು ಆಟಿಕೆಯ ಗಾಡಿಯನ್ನು ಹಲಗೆಯ ಮೇಲೆ, ಅದರ ಹಿಂದಿನ ಚಕ್ರಗಳಿಗೆ ಕಡ್ಡಿಯ ತಡೆಯಿಟ್ಟು ನಿಲ್ಲಿಸಿ. ಗಾಡಿಯ ಮುಂಭಾಗವು ಮೇಲಾಗುವಂತೆ ಹಲಗೆಯನ್ನು ಮೆಲ್ಲನೆ ಎತ್ತುತ್ತ, ಗಾಡಿಯು ಮಗುಚುವ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಮೊದಲು ಬರಿಯ ಗಾಡಿ. ಬಳಿಕ ನಾಣ್ಯಗಳನ್ನೆಲ್ಲ ಹಿಂದೆ ಪೇರಿಸಿ. ಆಮೇಲೆ ಅವೇ ನಾಣ್ಯಗಳನ್ನು ಹಿಂದೆ ಮುಂದೆ ಸಮನಾಗಿ ಹಂಚಿ. ಮೂರು ಅಂಕಿಗಳನ್ನು ಬರೆದು ಹೋಲಿಸಿ ನೋಡಿದರೆ, ಚಕ್ಕಡಿಯ ರೈತನು ಕೈಯಿಂದ ಅರಿತದ್ದನ್ನು ನಾವು ಲೆಕ್ಕದಿಂದ ಅರಿತಂತಾಗುತ್ತದೆ.