ಕಾಯಕದ ಮಾತು: ಕನ್ನಡದಿಂದ ಇಂಗ್ಲಿಷಿಗೆ



ಸಂದರ್ಶನಗಳಲ್ಲಿ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ: 'ನೀವು ಏನು ಕೆಲಸ ಮಾಡುತ್ತೀರಿ? ಮನೆಯವರು ಏನು ಮಾಡುತ್ತಾರೆ?' ಇದನ್ನು ಇಂಗ್ಲಿಷಿನಲ್ಲಿ ಕೇಳಿದಾಗ ನಮ್ಮ ಭಾಗದ ಹಲವರು 'ಫಾರ್ಮರ್', 'ಲೇಬರ್' ಎಂದು ಒಂದೇ ಪದ ಹೇಳಿ ಸುಮ್ಮನಾಗುತ್ತಾರೆ. ಆ ಒಂದು ಪದದಲ್ಲಿ ಇಡೀ ಜೀವನದ ಕೌಶಲ ಅಡಗಿಹೋಗುತ್ತದೆ. ಕನ್ನಡ ವ್ಯಾಕರಣವನ್ನು ಐಚ್ಛಿಕವಾಗಿ ಓದುವವರಿಗೆ ಈ ಮೌನವನ್ನು ಮುರಿಯುವ ಸಾಧನ ಕೈಯಲ್ಲಿಯೇ ಇದೆ.

ಮೊದಲನೆಯದು, ಕ್ರಿಯಾಪದದ ವಿಚಾರ. 'ನಾನು ನೇಕಾರ' ಎಂಬುದು ಕನ್ನಡದಲ್ಲಿ ಪೂರ್ಣವಾಕ್ಯ. ಅಲ್ಲಿ ಕ್ರಿಯಾಪದ ಬೇಕಿಲ್ಲ. ಇದನ್ನೇ ಪದಕ್ಕೆ ಪದವಿಟ್ಟರೆ 'ಐ ವೀವರ್' ಎಂಬ ತಪ್ಪು ಹುಟ್ಟುತ್ತದೆ. ಇಲ್ಲಿ ನಮ್ಮ ನೆರೆಯ ಮರಾಠಿ ನೆರವಿಗೆ ಬರುತ್ತದೆ. 'ಮೀ ವಿಣಕರ ಆಹೆ' ಎನ್ನುವಾಗ ಬರುವ 'ಆಹೆ'ಯ ಕೆಲಸವನ್ನು ಇಂಗ್ಲಿಷಿನಲ್ಲಿ 'ಆ್ಯಮ್' ಮಾಡುತ್ತದೆ. ಜೊತೆಗೆ ವೃತ್ತಿನಾಮದ ಮೊದಲು 'ಅ' ಸೇರಿಸಬೇಕು: 'ಐ ಆ್ಯಮ್ ಅ ವೀವರ್.' ಎರಡು ಭಾಷೆಗಳ ನಡುವೆ ಬೆಳೆದವರಿಗೆ ಮೂರನೆಯದಕ್ಕೆ ಸೇತುವೆ ಹೀಗೆ ಸಿಗುತ್ತದೆ.

ಎರಡನೆಯದು, ಕಾಲ. 'ನೇಯುತ್ತೇನೆ' ಎಂಬುದು ದಿನನಿತ್ಯದ ವೃತ್ತಿ. 'ನೇಯುತ್ತಿದ್ದೇನೆ' ಎಂಬುದು ಈಗ ನಡೆದಿರುವ ಕ್ರಿಯೆ. ಇಂಗ್ಲಿಷಿನಲ್ಲಿ ಮೊದಲನೆಯದು 'ಐ ವೀವ್', ಎರಡನೆಯದು 'ಐ ಆ್ಯಮ್ ವೀವಿಂಗ್'. ಕಾಯಂ ಉದ್ಯೋಗವನ್ನು ಹೇಳುವಾಗ ಮೊದಲನೆಯ ರೂಪವನ್ನೇ ಬಳಸುವುದು ಲೇಸು.

ಮೂರನೆಯದು, ಪ್ರತ್ಯಯ. 'ಗಿರಣಿಯಲ್ಲಿ ನೇಕಾರನಾಗಿ ದುಡಿಯುತ್ತೇನೆ' ಎಂಬ ವಾಕ್ಯದಲ್ಲಿ 'ಅಲ್ಲಿ', 'ಆಗಿ' ಎಂಬಿವು ನಾಮಪದದ ಹಿಂದೆ ಬಾಲದಂತೆ ಸೇರುತ್ತವೆ. ಇಂಗ್ಲಿಷಿನಲ್ಲಿ ಅವುಗಳ ಸ್ಥಾನದ ಪದಗಳು ನಾಮಪದದ ಮುಂದೆ ನಿಲ್ಲುತ್ತವೆ: 'ಐ ವರ್ಕ್ ಆ್ಯಸ್ ಅ ವೀವರ್ ಇನ್ ಅ ಮಿಲ್.' ಕೊನೆಯಲ್ಲಿದ್ದ ಕ್ರಿಯಾಪದ ಕರ್ತೃವಿನ ಬಳಿಗೆ ಬಂದಿರುವುದನ್ನೂ ಗಮನಿಸಿರಿ.

ವ್ಯಾಕರಣ ಸರಿಯಾದ ಮೇಲೆ ಉಳಿಯುವುದು ಮಾತಿನ ತಿರುಳು. ತಡವಳದಂಥ ಊರಿನ ವಿದ್ಯಾರ್ಥಿ 'ಫಾರ್ಮರ್' ಎಂದು ನಿಲ್ಲಿಸದೆ ತನ್ನ ಕೆಲಸದ ಕ್ರಿಯಾಪದಗಳನ್ನು ಮೊದಲು ಕನ್ನಡದಲ್ಲಿ ಬರೆದುಕೊಳ್ಳಲಿ: ಹರಗುವುದು, ಬಿತ್ತುವುದು, ಕಳೆ ತೆಗೆಯುವುದು, ಕೊಯ್ಯುವುದು, ರಾಶಿ ಮಾಡುವುದು, ತೂರುವುದು. ಬಿತ್ತುವುದಕ್ಕೆ 'ಸೋ', ಕಳೆ ತೆಗೆಯುವುದಕ್ಕೆ 'ವೀಡ್', ತೂರುವುದಕ್ಕೆ 'ವಿನ್ನೋ' ಎಂಬ ಪದಗಳಿವೆ. ಕೂರಿಗೆಗೆ ತಕ್ಕ ಪದ ತೋಚದಿದ್ದರೆ ಅದು ಮಾಡುವ ಕೆಲಸವನ್ನು ಸರಳ ವಾಕ್ಯದಲ್ಲಿ ವಿವರಿಸಿದರಾಯಿತು. ನೇಕಾರರ ಮನೆಯವರಿಗೆ ಹಾಸು 'ವಾರ್ಪ್', ಹೊಕ್ಕು 'ವೆಫ್ಟ್', ಲಾಳಿ 'ಶಟಲ್'. ನಾವು ದಿನವೂ ಬಳಸುವ 'ಹಾಸುಹೊಕ್ಕು' ಎಂಬ ನುಡಿಗಟ್ಟು ಮಗ್ಗದಿಂದಲೇ ಬಂದದ್ದಲ್ಲವೇ?

ಇನ್ನೊಂದು ಮಾತು. ಸೊಲ್ಲಾಪುರದ ಸಾವಿರಾರು ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತು ಎಲೆ ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಸುತ್ತಿ, ದಾರ ಕಟ್ಟಿ ಬೀಡಿ ಮಾಡುತ್ತಾರೆ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುತ್ತಾರೆ. ಕುಂಭಾರಿಯಲ್ಲಿ ಗೋದೂತಾಯಿ ಪರುಳೇಕರ ಅವರ ಹೆಸರಿನ 10,000 ಮನೆಗಳ ವಸಾಹತು 2006ರಲ್ಲಿ ಉದ್ಘಾಟನೆಗೊಂಡದ್ದು ಇವರನ್ನು ಕಾರ್ಮಿಕರೆಂದು ಗುರುತಿಸಿಯೇ. ಅಂಥ ತಾಯಿಯನ್ನು ಮಕ್ಕಳು 'ಹೌಸ್‌ವೈಫ್' ಎಂದಷ್ಟೇ ಪರಿಚಯಿಸಿದರೆ ಆಕೆಯ ದುಡಿಮೆ ಲೆಕ್ಕಕ್ಕೆ ಬಾರದೆ ಹೋಗುತ್ತದೆ. 'ಮೈ ಮದರ್ ರೋಲ್ಸ್ ಬೀಡೀಸ್' ಎಂಬ ನಾಲ್ಕು ಪದಗಳ ವಾಕ್ಯ ಸತ್ಯವನ್ನು ಹೇಳುತ್ತದೆ. ಇಲ್ಲಿ 'ರೋಲ್' 'ರೋಲ್ಸ್' ಆದದ್ದನ್ನು ಮರೆಯಬಾರದು.

ಸೊನ್ನಲಿಗೆಯ ಸಿದ್ಧರಾಮನ ನೆಲದವರು ನಾವು. ಜೇಡರ ದಾಸಿಮಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ: ಈ ವಚನಕಾರರ ಹೆಸರಿನ ಮೊದಲಿಗೇ ಅವರ ಕಾಯಕ ನಿಂತಿದೆ. ಕಾಯಕವನ್ನು ಹೆಸರಿಗಿಂತ ಮೊದಲು ಹೇಳಿದ ಪರಂಪರೆಯವರು ಅದನ್ನು ಪರಭಾಷೆಯಲ್ಲಿ ಹೇಳಲು ಸಂಕೋಚಪಡಬೇಕಾಗಿಲ್ಲ.

ಅಭ್ಯಾಸ: ನಿಮ್ಮ ಮನೆಯ ಒಂದು ಕೆಲಸವನ್ನು ಕನ್ನಡದ ಐದು ವಾಕ್ಯಗಳಲ್ಲಿ, ಕ್ರಮವಾಗಿ ಬರೆಯಿರಿ. ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ಬಳಿಕ ಅವನ್ನು ಇಂಗ್ಲಿಷಿಗೆ ತಂದು, ಆ ಕೆಲಸ ಮಾಡುವವರೆದುರೇ ಓದಿ, ಅರ್ಥವನ್ನು ಕನ್ನಡದಲ್ಲಿ ಹೇಳಿರಿ. ಬಿಟ್ಟುಹೋದ ಹಂತವನ್ನು ಅವರೇ ತಿದ್ದುವರು.